ಇಂಗ್ಲಿಷಿನಲ್ಲಿ ಅಳತೆ, ತೂಕ, ಮೊತ್ತಗಳಿಗೆ ಕ್ರಿಯಾಪದ ಹೊಂದಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

‘ಟೆನ್ ಕಿಲೋಮೀಟರ್ಸ್ ಈಸ್ ಎ ಲಾಂಗ್ ವಾಕ್’ ಎಂಬ ವಾಕ್ಯವನ್ನು ಕಂಡ ಕೂಡಲೇ ‘ಈಸ್’ ಅನ್ನು ಹೊಡೆದುಹಾಕಿ ‘ಆರ್’ ಎಂದು ತಿದ್ದಬೇಕೆನ್ನಿಸುವುದು ಸಹಜ. ಕರ್ತೃಪದ ಬಹುವಚನದಲ್ಲಿದ್ದರೆ ಕ್ರಿಯಾಪದವೂ ಬಹುವಚನದಲ್ಲಿರಬೇಕು ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಸೂತ್ರ ಹಾಗೆ ತಿದ್ದಿಸುತ್ತದೆ. ಆದರೆ ಆ ವಾಕ್ಯ ಸರಿಯಾಗಿಯೇ ಇದೆ. ಅಳತೆ, ತೂಕ, ಹಣ, ಕಾಲ ಇವುಗಳ ವಿಷಯದಲ್ಲಿ ಇಂಗ್ಲಿಷು ಪದದ ಕೊನೆಯ ‘ಎಸ್’ ಅಕ್ಷರಕ್ಕಿಂತ ಮನಸ್ಸಿನಲ್ಲಿರುವ ಅರ್ಥಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ವ್ಯಾಕರಣಕಾರರು ಇದನ್ನು ‘ನೋಷನಲ್ ಕಾನ್‌ಕಾರ್ಡ್’ ಎನ್ನುತ್ತಾರೆ. ಅರ್ಥಾನುಸಾರಿ ಹೊಂದಾಣಿಕೆ ಎಂದು ನಾವು ಕರೆಯಬಹುದು.

ಈ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ನಾವು ‘ಹತ್ತು ಕಿಲೋಮೀಟರ್ ಆಗುತ್ತದೆ’, ‘ಐನೂರು ರೂಪಾಯಿ ಸಾಕಾಗುತ್ತದೆ’, ‘ಮೂರು ವಾರ ಬೇಕಾಗುತ್ತದೆ’ ಎನ್ನುತ್ತೇವೆಯೇ ಹೊರತು, ‘ಐನೂರು ರೂಪಾಯಿಗಳು ಸಾಕಾಗುತ್ತವೆ’ ಎಂದು ದಿನಬಳಕೆಯಲ್ಲಿ ಯಾರೂ ಹೇಳುವುದಿಲ್ಲ. ಅಂದರೆ ಮೊತ್ತವನ್ನು ಒಂದೇ ವಸ್ತುವಿನಂತೆ ಕಾಣುವ ಅಭ್ಯಾಸ ನಮ್ಮ ನಾಲಿಗೆಯಲ್ಲಿ ಮೊದಲಿನಿಂದಲೂ ಇದೆ. ಇಂಗ್ಲಿಷ್ ಬರೆಯುವಾಗ ಅದನ್ನು ಅದುಮಿಟ್ಟು ಶಾಲೆಯ ಸೂತ್ರವನ್ನು ಮುಂದೆ ತರುವುದರಿಂದ ಅರ್ಧದಷ್ಟು ತಪ್ಪುಗಳು ಹುಟ್ಟುತ್ತವೆ. ಆ ಅಭ್ಯಾಸವನ್ನು ಎಲ್ಲೆಡೆಯೂ ಕಣ್ಣುಮುಚ್ಚಿ ನಂಬುವುದರಿಂದ ಉಳಿದರ್ಧ ಹುಟ್ಟುತ್ತವೆ. ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂಬುದನ್ನು ಮುಂದಿನ ಹೆಜ್ಜೆಗಳಲ್ಲಿ ನೋಡೋಣ.

ಮೊದಲ ಹೆಜ್ಜೆ: ಇಡಿಯ ಮೊತ್ತವೋ, ಬಿಡಿ ವಸ್ತುಗಳೋ ಎಂದು ನಿರ್ಧರಿಸಿ

ಕ್ರಿಯಾಪದ ಬರೆಯುವ ಮುನ್ನ, ಹೇಳಹೊರಟಿರುವುದು ಒಟ್ಟಾರೆ ಒಂದು ಮೊತ್ತದ ಬಗ್ಗೆಯೋ ಅಥವಾ ಎಣಿಸಿ ಬೇರೆ ಬೇರೆಯಾಗಿ ಇಡಬಹುದಾದ ವಸ್ತುಗಳ ಬಗ್ಗೆಯೋ ಎಂದು ಕೇಳಿಕೊಳ್ಳಬೇಕು. ದೂರ, ಹಣ, ಅವಧಿ, ತೂಕ, ಎತ್ತರ, ಉಷ್ಣಾಂಶ, ಅಂಕ ಇವು ಇಡಿಯ ಮೊತ್ತವಾಗಿ ಬಂದಾಗ ಕ್ರಿಯಾಪದ ಏಕವಚನದಲ್ಲಿರುತ್ತದೆ. ‘ಫೈವ್ ಹಂಡ್ರೆಡ್ ರುಪೀಸ್ ಈಸ್ ಟೂ ಮಚ್ ಫಾರ್ ಎ ಶಾರ್ಟ್ ಆಟೋ ರೈಡ್’, ‘ತ್ರೀ ವೀಕ್ಸ್ ಈಸ್ ಎ ಲಾಂಗ್ ಟೈಮ್ ಟು ವೇಟ್’, ‘ಫಾರ್ಟಿ ಡಿಗ್ರೀಸ್ ಈಸ್ ನಾಟ್ ಅನ್‌ಯೂಶುವಲ್ ಇನ್ ಕಲಬುರಗಿ ಇನ್ ಮೇ’ ಎಂಬ ವಾಕ್ಯಗಳಲ್ಲಿ ಐನೂರು ಬೇರೆ ಬೇರೆ ರೂಪಾಯಿಗಳಾಗಲಿ, ನಲವತ್ತು ಬೇರೆ ಬೇರೆ ಡಿಗ್ರಿಗಳಾಗಲಿ ಯಾರ ಕಣ್ಣೆದುರಿಗೂ ಬರುವುದಿಲ್ಲ.

ನಿರ್ಧಾರ ಕಷ್ಟವಾದಾಗ ಎರಡು ಪರೀಕ್ಷೆಗಳು ನೆರವಾಗುತ್ತವೆ. ವಾಕ್ಯಕ್ಕೆ ‘ಟೂ ಮಚ್’ ಒಗ್ಗುತ್ತದೆಯೋ ‘ಟೂ ಮೆನಿ’ ಒಗ್ಗುತ್ತದೆಯೋ ನೋಡುವುದು ಮೊದಲನೆಯದು. ಐನೂರು ರೂಪಾಯಿ ‘ಟೂ ಮಚ್’ ಆಗುತ್ತದೆ, ‘ಟೂ ಮೆನಿ’ ಆಗುವುದಿಲ್ಲ; ಆದ್ದರಿಂದ ‘ಈಸ್’. ಮದುವೆಗೆ ಕರೆಯಬೇಕಾದ ಐನೂರು ಅತಿಥಿಗಳು ‘ಟೂ ಮೆನಿ’ ಆಗುತ್ತಾರೆ, ಆದ್ದರಿಂದ ‘ಆರ್’. ಎರಡನೆಯ ಪರೀಕ್ಷೆಯನ್ನು ಕನ್ನಡದಲ್ಲಿಯೇ ಮಾಡಬಹುದು: ವಾಕ್ಯದೊಳಗೆ ‘ಒಂದೊಂದಾಗಿ’ ಎಂಬ ಪದವನ್ನು ಸೇರಿಸಿ ನೋಡಿ. ‘ಐದು ವರ್ಷಗಳು ಒಂದೊಂದಾಗಿ ಕಳೆದವು’ ಎಂಬುದು ಅರ್ಥಪೂರ್ಣ, ಅಲ್ಲಿ ಬಹುವಚನ ಬರುತ್ತದೆ. ‘ಐದು ವರ್ಷ ಒಂದೊಂದಾಗಿ ದೀರ್ಘ ಅವಧಿ’ ಎಂದರೆ ಅರ್ಥವೇ ಆಗುವುದಿಲ್ಲ, ಅಲ್ಲಿ ಏಕವಚನ. ಇಂಗ್ಲಿಷು ಮೊತ್ತವನ್ನು ಒಂದೇ ಎಂದು ಭಾವಿಸುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿದ್ದರೆ ‘ಅನದರ್’ ಪದವನ್ನು ಗಮನಿಸಿ. ಏಕವಚನದ ನಾಮಪದದೊಂದಿಗೆ ಮಾತ್ರ ಬರಬೇಕಾದ ಈ ಪದ ‘ಅನದರ್ ಟೆನ್ ಮಿನಿಟ್ಸ್’ ಎನ್ನುವಾಗ ಯಾವ ತಕರಾರೂ ಇಲ್ಲದೆ ಹತ್ತು ನಿಮಿಷಗಳ ಪಕ್ಕದಲ್ಲಿ ಕೂರುತ್ತದೆ.

ಕ್ರಿಯಾಪದ ಏಕವಚನವಾದ ಮಾತ್ರಕ್ಕೆ ನಾಮಪದವೂ ಏಕವಚನವಾಗುವುದಿಲ್ಲ ಎಂಬುದನ್ನು ಮರೆಯಬಾರದು. ಕನ್ನಡದಲ್ಲಿ ‘ಹತ್ತು ಕಿಲೋಮೀಟರ್’ ಎಂದೇ ಹೇಳುವುದರಿಂದ ‘ಟೆನ್ ಕಿಲೋಮೀಟರ್ ಈಸ್’ ಎಂದು ಬರೆದುಬಿಡುವವರು ಬಹಳ. ಇಂಗ್ಲಿಷಿನಲ್ಲಿ ‘ಟೆನ್ ಕಿಲೋಮೀಟರ್ಸ್ ಈಸ್’ ಎಂದೇ ಆಗಬೇಕು. ಅಳತೆಯು ವಿಶೇಷಣವಾಗಿ ಇನ್ನೊಂದು ನಾಮಪದದ ಹಿಂದೆ ಬಂದಾಗ ಮಾತ್ರ ‘ಎಸ್’ ಬಿದ್ದುಹೋಗುತ್ತದೆ: ‘ಎ ಟೆನ್-ಕಿಲೋಮೀಟರ್ ವಾಕ್’, ‘ಎ ಟೂ-ಲೀಟರ್ ಬಾಟಲ್’.

ಎರಡನೆಯ ಹೆಜ್ಜೆ: ಕಾಲ ಉರುಳಿದಾಗ, ನೋಟು ಎಣಿಸಿದಾಗ ಎಚ್ಚರವಹಿಸಿ

‘ಸೇತುವೆ ಕಟ್ಟಿ ಐದು ವರ್ಷ ಆಯಿತು’ ಎಂಬ ನಮ್ಮ ಏಕವಚನವನ್ನು ನಂಬಿ ‘ಫೈವ್ ಇಯರ್ಸ್ ಹ್ಯಾಸ್ ಪಾಸ್ಡ್’ ಎಂದು ಬರೆದರೆ ತಪ್ಪಾಗುತ್ತದೆ. ವರ್ಷಗಳು ಒಂದಾದ ಮೇಲೊಂದು ಉರುಳುವಂಥವು. ಆದ್ದರಿಂದ ‘ಫೈವ್ ಇಯರ್ಸ್ ಹ್ಯಾವ್ ಪಾಸ್ಡ್ ಸಿನ್ಸ್ ದ ಬ್ರಿಡ್ಜ್ ವಾಸ್ ಬಿಲ್ಟ್’ ಎಂದೇ ಆಗಬೇಕು. ‘ಗಾನ್ ಬೈ’, ‘ಎಲ್ಯಾಪ್ಸ್ಡ್’ ಮುಂತಾದ ಕ್ರಿಯೆಗಳಿಗೂ ಇದೇ ನಿಯಮ. ಅನುಮಾನವಿದ್ದರೆ ‘ಇಟ್ ಹ್ಯಾಸ್ ಬೀನ್ ಫೈವ್ ಇಯರ್ಸ್ ಸಿನ್ಸ್’ ಎಂದು ಆರಂಭಿಸಬಹುದು. ಅಲ್ಲಿ ಕರ್ತೃ ‘ಇಟ್’ ಆದ್ದರಿಂದ ಗೊಂದಲಕ್ಕೆ ಎಡೆಯೇ ಇಲ್ಲ. ಅವಧಿಯ ಹಿಂದೆ ‘ದ ಲಾಸ್ಟ್’, ‘ದೀಸ್’, ‘ದ ಫಸ್ಟ್’ ಬಂದಾಗಲೂ ಸಾಮಾನ್ಯವಾಗಿ ಬಹುವಚನವೇ ಸರಿಹೊಂದುತ್ತದೆ: ‘ದ ಲಾಸ್ಟ್ ತ್ರೀ ಮಂತ್ಸ್ ಹ್ಯಾವ್ ಬೀನ್ ಡಿಫಿಕಲ್ಟ್’.

ಹಣದಲ್ಲಿ ಮೊತ್ತಕ್ಕೂ ನೋಟು-ನಾಣ್ಯಕ್ಕೂ ಇರುವ ಅಂತರವನ್ನು ನೋಡಬೇಕು. ಮೊತ್ತ ಏಕವಚನ, ಕೈಯಲ್ಲಿ ಹಿಡಿಯುವ ನೋಟುಗಳು ಬಹುವಚನ. ಇಲ್ಲಿ ಕಿರುಗೆರೆಯ ಸ್ಥಾನವನ್ನೂ ಗಮನಿಸಿ. ‘ಫೈವ್ ಹಂಡ್ರೆಡ್-ರುಪೀ ನೋಟ್ಸ್ ಆರ್ ಆನ್ ದ ಟೇಬಲ್’ ಎಂದು ‘ಹಂಡ್ರೆಡ್’ ಮತ್ತು ‘ರುಪೀ’ ನಡುವೆ ಮಾತ್ರ ಗೆರೆ ಇದ್ದರೆ, ಮೇಜಿನ ಮೇಲಿರುವುದು ನೂರು ರೂಪಾಯಿಯ ಐದು ನೋಟು. ‘ಎ ಫೈವ್-ಹಂಡ್ರೆಡ್-ರುಪೀ ನೋಟ್ ಈಸ್ ಆನ್ ದ ಟೇಬಲ್’ ಎಂದರೆ ಐನೂರರ ಒಂದೇ ನೋಟು. ಎರಡರ ಬೆಲೆಯೂ ಒಂದೇ. ಅದನ್ನು ಮೊತ್ತವಾಗಿ ಹೇಳುವಾಗ ‘ಫೈವ್ ಹಂಡ್ರೆಡ್ ರುಪೀಸ್ ಈಸ್ ಆನ್ ದ ಟೇಬಲ್’. ಬ್ಯಾಂಕಿನ ಪತ್ರ ಬರೆಯುವವರು ಈ ಮೂರನ್ನೂ ಒಮ್ಮೆ ಕೈಯಾರೆ ಬರೆದು ನೋಡುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ‘ಆಫ್’ ಬಂದಾಗ ಅದರ ಎರಡೂ ಬದಿ ನೋಡಿ

ಇಡೀ ವಿಷಯದ ಕಗ್ಗಂಟು ಇರುವುದು ಇಲ್ಲಿ. ‘ಆಫ್’ನ ಎಡಕ್ಕೆ ಬರುವ ಪದಗಳಲ್ಲಿ ಎರಡು ಜಾತಿ: ಪಾಲನ್ನು ಸೂಚಿಸುವವು ಮತ್ತು ಅಳತೆಯನ್ನು ಸೂಚಿಸುವವು.

ಪಾಲಿನ ಪದಗಳೆಂದರೆ ‘ಹಾಫ್’, ‘ಟೂ-ಥರ್ಡ್ಸ್’, ‘ಸಿಕ್ಸ್‌ಟಿ ಪರ್ಸೆಂಟ್’, ‘ಮೋಸ್ಟ್’, ‘ಸಮ್’, ‘ಆಲ್’, ‘ದ ರೆಸ್ಟ್’, ‘ಎ ಲಾಟ್’ ಮೊದಲಾದವು. ಇವುಗಳಿಗೆ ಸ್ವಂತ ವಚನವಿಲ್ಲ. ಬಲಬದಿಯ ನಾಮಪದ ಹೇಗಿದೆಯೋ ಕ್ರಿಯಾಪದ ಹಾಗೆ. ‘ಹಾಫ್ ಆಫ್ ದ ರೈಸ್ ವಾಸ್ ವೇಸ್ಟೆಡ್’, ಆದರೆ ‘ಹಾಫ್ ಆಫ್ ದ ಇಡ್ಲೀಸ್ ವರ್ ವೇಸ್ಟೆಡ್’. ‘ಟೂ-ಥರ್ಡ್ಸ್ ಆಫ್ ದ ಟ್ಯಾಂಕ್ ಈಸ್ ಎಂಪ್ಟಿ’ ಎಂಬಲ್ಲಿ ‘ಥರ್ಡ್ಸ್’ ಎಂದು ‘ಎಸ್’ ಇದ್ದರೂ ಕೆರೆ ಒಂದೇ ಆದ್ದರಿಂದ ‘ಈಸ್’. ‘ಲಾಟ್ಸ್ ಆಫ್ ವಾಟರ್ ಈಸ್’, ‘ಲಾಟ್ಸ್ ಆಫ್ ಪೀಪಲ್ ಆರ್’ ಎಂಬಲ್ಲಿಯೂ ‘ಲಾಟ್ಸ್’ನ ಬಹುವಚನಕ್ಕೆ ಕವಡೆ ಕಿಮ್ಮತ್ತಿಲ್ಲ. ‘ನನ್ ಆಫ್ ದ ಬಸಸ್’ ಎಂಬುದರ ಮುಂದೆ ‘ಈಸ್’, ‘ಆರ್’ ಎರಡೂ ನಡೆಯುತ್ತವೆ. ಯಾವುದನ್ನು ಬರೆದರೂ ಪರೀಕ್ಷಕರು ಅಂಕ ಕಡಿಯಬಾರದು. ‘ಪಾಪ್ಯುಲೇಷನ್’ನಂತಹ ಸಮೂಹವಾಚಿಯ ಶೇಕಡಾವಾರಿಗೂ ಇದೇ ಸ್ವಾತಂತ್ರ್ಯವಿದೆ.

ಅಳತೆಯ ಪದಗಳೆಂದರೆ ಕಿಲೋ, ಲೀಟರ್, ಎಕರೆ, ಕ್ಯೂಸೆಕ್ ಇತ್ಯಾದಿ. ಬಲಬದಿಯಲ್ಲಿ ನೀರು, ಸಕ್ಕರೆ, ಭೂಮಿಯಂತಹ ಎಣಿಸಲಾಗದ ವಸ್ತು ಇದ್ದರೆ ಒಟ್ಟು ಮೊತ್ತದ ಭಾವವೇ ಮೇಲುಗೈ ಪಡೆಯುತ್ತದೆ. ಕಾವೇರಿ ಸುದ್ದಿ ಬರೆಯುವವರಿಗೆ ಇದು ನಿತ್ಯದ ಪ್ರಶ್ನೆ. ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರಂದು ನೀಡಿದ ತೀರ್ಪಿನ ಪ್ರಕಾರ ಸಾಮಾನ್ಯ ಮಳೆಯ ವರ್ಷದಲ್ಲಿ ಎರಡು ರಾಜ್ಯಗಳ ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಸಬೇಕಾದದ್ದು 177.25 ಟಿಎಂಸಿ ಅಡಿ (ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ) ನೀರು. ಅದನ್ನು ಇಂಗ್ಲಿಷಿನಲ್ಲಿ ‘177.25 ಟಿಎಂಸಿ ಫೀಟ್ ಆಫ್ ವಾಟರ್ ಹ್ಯಾಸ್ ಟು ಬಿ ರಿಲೀಸ್ಡ್’ ಎಂದೇ ಬರೆಯಬೇಕು. ‘ಫೀಟ್’ ಬಹುವಚನವಾದರೂ ಹರಿಯುವುದು ಒಟ್ಟು ನೀರು. ಹಾಗೆಯೇ ‘ಟೆನ್ ಥೌಸಂಡ್ ಕ್ಯೂಸೆಕ್ಸ್ ಆಫ್ ವಾಟರ್ ವಾಸ್ ರಿಲೀಸ್ಡ್’. ಕ್ಯೂಸೆಕ್ ಎಂಬುದು ಸೆಕೆಂಡಿಗೆ ಒಂದು ಘನ ಅಡಿಯ ಹರಿವು. ಹತ್ತು ಸಾವಿರ ಕ್ಯೂಸೆಕ್ ಅನ್ನು ಬಿಡಿಬಿಡಿಯಾಗಿ ಎಣಿಸಿ ಹೊರಬಿಡುವ ಅಣೆಕಟ್ಟು ಎಲ್ಲಿಯೂ ಇಲ್ಲ. ಭೂಸ್ವಾಧೀನದ ಕಡತಗಳಲ್ಲಿ ಬರುವ ‘ಟ್ವೆಂಟಿ ಗುಂಟಾಸ್ ಆಫ್ ಲ್ಯಾಂಡ್ ವಾಸ್ ಅಕ್ವೈರ್ಡ್’ ಎಂಬ ಮಾತೂ ಇದೇ ಸಾಲಿಗೆ ಸೇರುತ್ತದೆ. ನಲವತ್ತು ಗುಂಟೆಗೆ ಒಂದು ಎಕರೆ ಆಗುವುದರಿಂದ ಇದು ಅರ್ಧ ಎಕರೆಯ ಒಂದೇ ತುಂಡು ಎಂದುಕೊಂಡರೆ ‘ವಾಸ್’ ತಾನಾಗಿಯೇ ಬರುತ್ತದೆ.

ಬಲಬದಿಯಲ್ಲಿ ಎಣಿಸಬಹುದಾದ ವಸ್ತು ಬಂದಾಗ ಬರೆಯುವವರ ವಿವೇಚನೆ ಕೆಲಸಮಾಡಬೇಕಾಗುತ್ತದೆ. ‘ಟೂ ಕಿಲೋಸ್ ಆಫ್ ಆನಿಯನ್ಸ್ ಈಸ್ ಇನಫ್ ಫಾರ್ ದ ಸಾಂಬಾರ್’ ಎಂದಾಗ ಮಾತು ಪ್ರಮಾಣದ ಬಗ್ಗೆ. ‘ಟೂ ಕಿಲೋಸ್ ಆಫ್ ಆನಿಯನ್ಸ್ ವರ್ ಪೀಲ್ಡ್ ಅಂಡ್ ಚಾಪ್ಡ್’ ಎಂದಾಗ ಸಿಪ್ಪೆ ಸುಲಿಸಿಕೊಂಡದ್ದು ಒಂದೊಂದು ಈರುಳ್ಳಿ. ಚೀಲ, ಡಬ್ಬಿ, ಲೋಟಗಳನ್ನೇ ಎಣಿಸಬಹುದಾದ್ದರಿಂದ, ಬಲಬದಿಯ ವಸ್ತು ಎಣಿಸಲಾಗದ್ದಾದರೂ ಅವುಗಳಲ್ಲಿ ಈ ವ್ಯತ್ಯಾಸ ಇನ್ನಷ್ಟು ಎದ್ದು ಕಾಣುತ್ತದೆ: ‘ಟ್ವೆಂಟಿ ಬ್ಯಾಗ್ಸ್ ಆಫ್ ಸಿಮೆಂಟ್ ವರ್ ಅನ್‌ಲೋಡೆಡ್’ ಎಂದರೆ ಹಮಾಲರು ಹೊತ್ತಿಳಿಸಿದ ಇಪ್ಪತ್ತು ಚೀಲ, ‘ಟ್ವೆಂಟಿ ಬ್ಯಾಗ್ಸ್ ಆಫ್ ಸಿಮೆಂಟ್ ಈಸ್ ಮೋರ್ ದ್ಯಾನ್ ಇನಫ್ ಫಾರ್ ದಿಸ್ ವಾಲ್’ ಎಂದರೆ ಮೇಸ್ತ್ರಿ ಹಾಕಿದ ಲೆಕ್ಕ. ಎರಡೂ ಸರಿ, ಎರಡರ ಅರ್ಥ ಬೇರೆ. ಪತ್ರಿಕೆಗಳಲ್ಲಿ ಒಂದೇ ಪುಟದಲ್ಲಿ ಎರಡೂ ರೂಪ ಕಂಡರೆ ಅದನ್ನು ಅಜಾಗರೂಕತೆ ಎಂದು ತಕ್ಷಣ ತೀರ್ಮಾನಿಸಬೇಕಿಲ್ಲ.

‘ಕ್ವಾಂಟಿಟಿ’ ಮತ್ತು ‘ಅಮೌಂಟ್’ ಈ ಎರಡು ಜಾತಿಗೂ ಸೇರದ ಶಿಸ್ತಿನ ಪದಗಳು. ಅವು ಏಕವಚನದಲ್ಲಿದ್ದರೆ ಕ್ರಿಯಾಪದ ಏಕವಚನ, ಬಹುವಚನದಲ್ಲಿದ್ದರೆ ಬಹುವಚನ: ‘ಎ ಲಾರ್ಜ್ ಕ್ವಾಂಟಿಟಿ ಆಫ್ ಸ್ಯಾಂಡ್ ವಾಸ್ ಸೀಜ್ಡ್’, ‘ಲಾರ್ಜ್ ಕ್ವಾಂಟಿಟೀಸ್ ಆಫ್ ಸ್ಯಾಂಡ್ ವರ್ ಸೀಜ್ಡ್’. ಮರಳು ಎರಡರಲ್ಲಿಯೂ ಒಂದೇ.

ನಾಲ್ಕನೆಯ ಹೆಜ್ಜೆ: ‘ಎ’ ಇದೆಯೋ ‘ದ’ ಇದೆಯೋ ನೋಡಿ

‘ಎ ನಂಬರ್ ಆಫ್ ಸ್ಟೂಡೆಂಟ್ಸ್ ವರ್ ಆಬ್ಸೆಂಟ್’ ಎಂದರೆ ಹಲವು ವಿದ್ಯಾರ್ಥಿಗಳು ಗೈರುಹಾಜರಾಗಿದ್ದರು. ‘ದ ನಂಬರ್ ಆಫ್ ಸ್ಟೂಡೆಂಟ್ಸ್ ವಾಸ್ ಸ್ಮಾಲ್’ ಎಂದರೆ ಸಂಖ್ಯೆ ಚಿಕ್ಕದಿತ್ತು. ಮೊದಲನೆಯದರಲ್ಲಿ ಕರ್ತೃ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸಂಖ್ಯೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರು ಇಷ್ಟನ್ನು ಹೇಗೂ ಕಲಿತಿರುತ್ತಾರೆ; ಇದೇ ಸೂತ್ರ ‘ಟೋಟಲ್’, ‘ಆವರೇಜ್’, ‘ಪರ್ಸೆಂಟೇಜ್’ಗಳಿಗೂ ಅನ್ವಯಿಸುತ್ತದೆ ಎಂಬುದು ಹಲವರ ಗಮನಕ್ಕೆ ಬಂದಿರುವುದಿಲ್ಲ. ‘ಎ ಟೋಟಲ್ ಆಫ್ ಫಾರ್ಟಿ-ಟೂ ಟೀಚರ್ಸ್ ವರ್ ಟ್ರಾನ್ಸ್‌ಫರ್ಡ್’, ‘ದ ಟೋಟಲ್ ವಾಸ್ ಫಾರ್ಟಿ-ಟೂ’. ‘ಆ್ಯನ್ ಆವರೇಜ್ ಆಫ್ ಟೂ ಹಂಡ್ರೆಡ್ ಪೇಷಂಟ್ಸ್ ವಿಸಿಟ್ ದ ಕ್ಲಿನಿಕ್ ಎವ್ರಿ ಡೇ’, ‘ದ ಆವರೇಜ್ ಹ್ಯಾಸ್ ಗಾನ್ ಅಪ್’.

‘ಮೆಜಾರಿಟಿ’ ಪದವನ್ನು ಜನರಿಗೆ ಮಾತ್ರ ಮೀಸಲಿಡುವುದು ಉತ್ತಮ. ‘ದ ಮೆಜಾರಿಟಿ ಆಫ್ ದ ಫಾರ್ಮರ್ಸ್ ಆರ್ ಸ್ಮಾಲ್ ಹೋಲ್ಡರ್ಸ್’ ಸೊಗಸಾಗಿದೆ. ‘ದ ಮೆಜಾರಿಟಿ ಆಫ್ ದ ಲ್ಯಾಂಡ್’ ಎನ್ನುವ ಬದಲು ‘ಮೋಸ್ಟ್ ಆಫ್ ದ ಲ್ಯಾಂಡ್ ಈಸ್ ಡ್ರೈ’ ಎಂದರೆ ಚೊಕ್ಕವಾಗಿರುತ್ತದೆ.

ಜೋಡಿಯ ಲೆಕ್ಕ ಬೇರೆ. ‘ದ ಸಿಸರ್ಸ್ ಆರ್ ಬ್ಲಂಟ್’ ಎಂದು ಒಂದೇ ಕತ್ತರಿಗೂ ಬಹುವಚನ ಹಾಕುವ ಇಂಗ್ಲಿಷು ‘ಎ ಪೇರ್ ಆಫ್ ಸಿಸರ್ಸ್ ಈಸ್’ ಎಂದು ಕೂಡಲೇ ಏಕವಚನಕ್ಕೆ ತಿರುಗುತ್ತದೆ. ಎತ್ತುಗಳ ಜೋಡಿಯಾದರೆ ಅರ್ಥ ನೋಡಬೇಕು: ಜಾತ್ರೆಯಲ್ಲಿ ಒಂದೇ ಬೆಲೆಗೆ ಮಾರಾಟವಾದ ಜೋಡಿಗೆ ‘ಎ ಪೇರ್ ಆಫ್ ಬುಲಕ್ಸ್ ವಾಸ್ ಸೋಲ್ಡ್’, ಬದುವಿನ ಮೇಲೆ ಮೇಯುತ್ತಿದ್ದವಕ್ಕೆ ‘ಎ ಪೇರ್ ಆಫ್ ಬುಲಕ್ಸ್ ವರ್ ಗ್ರೇಜಿಂಗ್’. ಡಜನ್ ಮೊಟ್ಟೆಯ ಬೆಲೆ ಹೇಳುವಾಗ ‘ಕಾಸ್ಟ್ಸ್’, ಬುಟ್ಟಿಯಲ್ಲಿ ಮೊಟ್ಟೆಗಳು ಇವೆ ಎನ್ನುವಾಗ ‘ಆರ್’.

ಐದನೆಯ ಹೆಜ್ಜೆ: ಒಂದರ ಆಸುಪಾಸಿನ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ

ಇಲ್ಲಿ ತರ್ಕ ಹೆಚ್ಚು ನೆರವಾಗುವುದಿಲ್ಲ, ರೂಢಿಯನ್ನು ಒಪ್ಪಿಕೊಳ್ಳಬೇಕು. ಒಂದಕ್ಕಿಂತ ಹೆಚ್ಚು ಎಂದರೆ ಕನಿಷ್ಠ ಎರಡು. ಆದರೂ ‘ಮೋರ್ ದ್ಯಾನ್ ಒನ್ ಹೌಸ್ ವಾಸ್ ಡ್ಯಾಮೇಜ್ಡ್’ ಎಂದು ಏಕವಚನವೇ ಬರುತ್ತದೆ, ಏಕೆಂದರೆ ಕ್ರಿಯಾಪದಕ್ಕೆ ತಾಗಿ ನಿಂತಿರುವುದು ‘ಒನ್ ಹೌಸ್’. ಅದನ್ನೇ ‘ಮೋರ್ ಹೌಸಸ್ ದ್ಯಾನ್ ಒನ್’ ಎಂದು ತಿರುಗಿಸಿದರೆ ‘ವರ್’ ಬೇಕು. ‘ಮೆನಿ ಎ ಫಾರ್ಮರ್ ಹ್ಯಾಸ್’ ಎಂಬ ಹಳೆಯ ಶೈಲಿಯೂ ಏಕವಚನವೇ. ಒಂದೂವರೆ ಗಂಟೆಗೆ ‘ಒನ್ ಅಂಡ್ ಎ ಹಾಫ್ ಅವರ್ಸ್ ಈಸ್ ಇನಫ್’ ಎಂದು ನಾಮಪದ ಬಹುವಚನ, ಕ್ರಿಯಾಪದ ಏಕವಚನ. ದಶಮಾಂಶವೂ ಸೊನ್ನೆಯೂ ಹೀಗೆಯೇ ನಾಮಪದವನ್ನು ಬಹುವಚನದಲ್ಲಿಡುತ್ತವೆ: ‘0.5 ಲೀಟರ್ಸ್ ಈಸ್ ಇನಫ್’, ‘ಜೀರೋ ಡಿಗ್ರೀಸ್ ಈಸ್ ದ ಫ್ರೀಜಿಂಗ್ ಪಾಯಿಂಟ್’. ಅರ್ಧ ಲೀಟರನ್ನು ಅಕ್ಷರದಲ್ಲಿ ಬರೆದರೆ ಮಾತ್ರ ‘ಹಾಫ್ ಎ ಲೀಟರ್’. ಹತ್ತರಲ್ಲಿ ಒಬ್ಬರು ಎನ್ನುವ ‘ಒನ್ ಇನ್ ಟೆನ್ ಸ್ಟೂಡೆಂಟ್ಸ್’ಗೆ ಶಿಷ್ಟ ಬರವಣಿಗೆಯಲ್ಲಿ ‘ಈಸ್’. ‘ಆರ್’ ಕೂಡ ಧಾರಾಳವಾಗಿ ಬಳಕೆಯಲ್ಲಿದೆ.

ಲಕ್ಷ, ಕೋಟಿ ಭಾರತದ ಇಂಗ್ಲಿಷಿಗೆ ಸೇರಿದ ಪದಗಳು. ಮೊತ್ತವಾದರೆ ‘ಫೈವ್ ಕ್ರೋರ್ ರುಪೀಸ್ ಹ್ಯಾಸ್ ಬೀನ್ ಸ್ಯಾಂಕ್ಷನ್ಡ್’, ಜನರಾದರೆ ‘ಟೂ ಲ್ಯಾಕ್ ಡಿವೋಟೀಸ್ ಆರ್ ಎಕ್ಸ್‌ಪೆಕ್ಟೆಡ್’. ಸಂಖ್ಯೆಯ ಪಕ್ಕದಲ್ಲಿ ‘ಲ್ಯಾಕ್’ಗೆ ‘ಎಸ್’ ಹಚ್ಚುವ ಅಗತ್ಯವಿಲ್ಲ. ‘ಲ್ಯಾಕ್ಸ್ ಆಫ್ ಡಿವೋಟೀಸ್’ ಎನ್ನುವಾಗ ಬೇಕು.

ಆರನೆಯ ಹೆಜ್ಜೆ: ಲೆಕ್ಕ ಮತ್ತು ಪ್ರಯೋಗ ವರದಿ

ಕೂಡುವ, ಗುಣಿಸುವ ಲೆಕ್ಕಗಳಿಗೆ ‘ಈಸ್’, ‘ಆರ್’ ಎರಡೂ ರೂಢಿಯಲ್ಲಿವೆ. ಕಳೆಯುವ, ಭಾಗಿಸುವ ಲೆಕ್ಕಗಳಿಗೆ ‘ಈಸ್’ ಮಾತ್ರ. ಎಲ್ಲಕ್ಕೂ ‘ಈಸ್’ ಎಂದೇ ಬರೆದರೆ ಯಾವ ಅಪಾಯವೂ ಇಲ್ಲ. ಪ್ರಯೋಗಾಲಯದ ದಾಖಲೆಯಲ್ಲಿ ‘ಟ್ವೆಂಟಿ ಗ್ರಾಮ್ಸ್ ಆಫ್ ಸಾಲ್ಟ್ ವಾಸ್ ಡಿಸಾಲ್ವ್ಡ್’ ಎಂದು ಏಕವಚನವನ್ನೇ ಬಳಸಬೇಕು, ಏಕೆಂದರೆ ಇಪ್ಪತ್ತು ಗ್ರಾಂ ಉಪ್ಪು ಒಂದೇ ಸಲಕ್ಕೆ ಹಾಕಿದ ಒಂದು ಪ್ರಮಾಣ. ಮಾನದ ಸಂಕೇತಗಳಿಗೆ ಬಹುವಚನವಿಲ್ಲ ಎಂಬುದು ಅಂತರರಾಷ್ಟ್ರೀಯ ಏಕಮಾನ ಪದ್ಧತಿಯ ನಿಯಮ. ಅಂಗಡಿ ಫಲಕಗಳಲ್ಲಿ ಕಾಣುವ ‘5 ಕೆಜಿಎಸ್’ ತಪ್ಪು, ‘5 ಕೆಜಿ’ ಸರಿ. ಅಂಕಿಗೂ ಸಂಕೇತಕ್ಕೂ ನಡುವೆ ಒಂದು ತೆರಪು ಬಿಡಬೇಕು.

ಏಳನೆಯ ಹೆಜ್ಜೆ: ಬರೆದದ್ದನ್ನು ತಿದ್ದುವ ಅಭ್ಯಾಸ

ಅಭ್ಯಾಸಕ್ಕೆಂದು ಹೆಣೆದ ಈ ಸಾಲುಗಳನ್ನು ನೋಡಿ: ‘ದ ಫುಲ್ ಲೆವೆಲ್ ಆಫ್ ದ ಕೆಆರ್‌ಎಸ್ ಡ್ಯಾಮ್ ಆರ್ 124.80 ಫೀಟ್. 49.45 ಟಿಎಂಸಿ ಫೀಟ್ ಆರ್ ಇಟ್ಸ್ ಕೆಪಾಸಿಟಿ. ಟೂ ವೀಕ್ಸ್ ಹ್ಯಾಸ್ ಪಾಸ್ಡ್ ಸಿನ್ಸ್ ದ ಲಾಸ್ಟ್ ರೇನ್. ಹಾಫ್ ಆಫ್ ದ ಕೆನಾಲ್ಸ್ ಈಸ್ ಡ್ರೈ. ಎ ನಂಬರ್ ಆಫ್ ವಿಲೇಜಸ್ ಹ್ಯಾಸ್ ಆಸ್ಕ್ಡ್ ಫಾರ್ ವಾಟರ್.’

ಮೊದಲ ವಾಕ್ಯದ ಕರ್ತೃ ‘ಲೆವೆಲ್’. ಕೊನೆಯಲ್ಲಿ ‘ಫೀಟ್’ ಬಂದಿತೆಂದು ಕ್ರಿಯಾಪದ ಬದಲಾಗಬಾರದು, ‘ಈಸ್’ ಆಗಬೇಕು. ಎರಡನೆಯದರಲ್ಲಿ ‘ಫೀಟ್’ ಕರ್ತೃವಿನ ಸ್ಥಾನದಲ್ಲಿಯೇ ಇದೆ, ಆದರೆ ಅದು ಒಟ್ಟು ಸಾಮರ್ಥ್ಯವಾದ್ದರಿಂದ ಅಲ್ಲಿಯೂ ‘ಈಸ್’. ಮೂರನೆಯದರಲ್ಲಿ ವಾರಗಳು ಒಂದೊಂದಾಗಿ ಕಳೆದಿವೆ, ‘ಹ್ಯಾವ್’ ಬೇಕು. ನಾಲ್ಕನೆಯದರಲ್ಲಿ ‘ಹಾಫ್’ ತನ್ನ ಬಲಬದಿಯ ‘ಕೆನಾಲ್ಸ್’ ಅನ್ನು ಹಿಂಬಾಲಿಸುತ್ತದೆ, ‘ಆರ್’. ಕೊನೆಯದರಲ್ಲಿ ನೀರು ಕೇಳಿದ್ದು ಹಳ್ಳಿಗಳು, ಸಂಖ್ಯೆಯಲ್ಲ, ‘ಹ್ಯಾವ್’.

ತಿದ್ದುವಾಗ ಸರ್ವನಾಮವನ್ನೂ ಬಿಡದೆ ಪರಿಶೀಲಿಸಿ. ‘ಟ್ವೆಂಟಿ ಬ್ಯಾಗ್ಸ್ ಆಫ್ ಸಿಮೆಂಟ್ ವಾಸ್ ಆರ್ಡರ್ಡ್’ ಎಂದು ಆರಂಭಿಸಿದವರು ಮುಂದಿನ ವಾಕ್ಯದಲ್ಲಿ ‘ದೇ ವರ್ ಡೆಲಿವರ್ಡ್ ಲೇಟ್’ ಎಂದರೆ ಒಟ್ಟು ಮೊತ್ತ ಇದ್ದಕ್ಕಿದ್ದಂತೆ ಬಿಡಿ ಚೀಲಗಳಾಗಿ ಬಿಡುತ್ತದೆ. ಎರಡು ರೂಪಗಳೂ ನಡೆಯುವ ಕಡೆ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಆದರೆ ‘ವಾಸ್’ ಬರೆದ ಮೇಲೆ ‘ಇಟ್’, ‘ವರ್’ ಬರೆದ ಮೇಲೆ ‘ದೇ’ ಎಂಬ ಜೋಡಿಯನ್ನು ಆ ಪ್ಯಾರಾ ಮುಗಿಯುವವರೆಗೂ ಕಾಯ್ದುಕೊಳ್ಳಬೇಕು.